ಮೇಪಲ್ ಎಲೆಯ ಮೇಲೆ ಕೂತ ಆಕಾಶ

ಅಕ್ಟೋಬರ್ ಬಂತೆಂದರೆ ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯ ಎಲೆ ಉದುರುವ ಮುನ್ನ ಕಡು ಕೆಂಪಾದ ಮೇಪಲ್ ಮರಗಳ ಫೋಟೋಗಳು ಹರಿದಾಡುತ್ತವೆ. ‘ಇದೆಲ್ಲ ಎಡಿಟಿಂಗ್ ಬಿಡ್ರಿ’ ಅನ್ನುವವರು ಬಹಳ. ಅಲ್ಲೇ ಇರುವ ನಮ್ಮವರು ಫೋನಿನಲ್ಲಿ ತೆಗೆದು ಕಳಿಸಿದ ಫೋಟೋದಲ್ಲಿ ಅದೇ ಮರ ಮಂಕಾಗಿ ಕಾಣುತ್ತದೆ. ಆಗ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಬಣ್ಣ ಎಲೆಯಲ್ಲೇ ಇದೆ. ಅದರ ಮೇಲೆ ಆಕಾಶ ಬಂದು ಕೂತಿದೆ, ಅಷ್ಟೇ. ಅದನ್ನು ಸರಿಸುವುದು ಲೆನ್ಸಿನ ಮುಂದೆ ಹಾಕುವ ಪೋಲರೈಜರ್ ಎಂಬ ಫಿಲ್ಟರ್.

ಹಸಿರು ಕೊಡುವ ಕ್ಲೋರೋಫಿಲ್ ಕರಗಿ ಹಳದಿ ಕಾಣುವುದು, ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಸೇರಿ ಕೆಂಪಾಗುವುದು ಶಾಲೆಯ ಪಾಠದಲ್ಲೇ ಇದೆ. ನನಗೆ ಹೇಳಬೇಕಿರುವುದು ಎಲೆಯ ಮೈಮೇಲಿನ ಮೇಣದ ತೆಳು ಪದರದ ಬಗ್ಗೆ. ಎಲೆಗೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ಒಳಗೆ ಹೋಗಿ ಕೆಂಪಾಗಿ ಹೊರಬರುತ್ತದೆ. ಇನ್ನೊಂದು ಪಾಲು ಒಳಗೆ ಹೋಗುವುದೇ ಇಲ್ಲ, ಮೇಣದ ಮೇಲಿಂದಲೇ ವಾಪಸ್. ಅದಕ್ಕೆ ಎಲೆಯ ಬಣ್ಣ ಸೋಕಿರುವುದಿಲ್ಲ. ಆಕಾಶದ ಬಿಳಿಯೋ ನೀಲಿಯೋ ಹಾಗೇ ಬರುತ್ತದೆ. ಕ್ಯಾಮೆರಾಗೆ ಎರಡೂ ಒಟ್ಟಿಗೆ ತಲುಪುತ್ತವೆ, ಕುಂಕುಮದ ನೀರಿಗೆ ಹಾಲು ಸುರಿದ ಹಾಗೆ.

ಆದರೆ ಇವೆರಡನ್ನು ಬೇರೆ ಮಾಡಬಹುದು! ಒಳಗೆ ಹೋಗಿ ಬಂದ ಬೆಳಕು ಜೀವಕೋಶಗಳ ನಡುವೆ ಚೆದುರಿ, ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಿರುತ್ತದೆ. ಮೇಣದಿಂದ ಜಾರಿ ಬಂದದ್ದು ಹೆಚ್ಚಾಗಿ ಎಲೆಯ ಮೈಗೆ ಸಮಾನಾಂತರವಾಗಿ ಮಾತ್ರ ಕಂಪಿಸುತ್ತದೆ. ಎಲೆಯ ಮೈಯಿಂದ ಸುಮಾರು 35 ಡಿಗ್ರಿ ಓರೆಯಲ್ಲಿ ನೋಡಿದರೆ ಇದು ಹೆಚ್ಚುಕಡಿಮೆ ಪೂರ್ತಿ. ಈ ಕೋನದ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲೇ ಕೊಟ್ಟಿದ್ದರು. ಪೋಲರೈಜರ್ ಫಿಲ್ಟರ್ ಒಂದು ದಿಕ್ಕಿನ ಕಂಪನವನ್ನಷ್ಟೇ ಒಳಗೆ ಬಿಡುತ್ತದೆ. ಲೆನ್ಸಿನ ಮುಂದೆ ಅದರ ಉಂಗುರವನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಒಂದು ಹಂತದಲ್ಲಿ ಎಲೆಯ ಬಿಳಿ ಪೊರೆ ಕಳಚುತ್ತದೆ. ಅಡಿಯಿಂದ ಕಡು ಕೆಂಪು, ಹಳದಿ ನರಗಳು, ಅಂಚಿನ ಕಂದು ಚುಕ್ಕಿಗಳು ಎದ್ದು ಬರುತ್ತವೆ. ಫಿಲ್ಟರ್ ಯಾವ ಬಣ್ಣವನ್ನೂ ಸೇರಿಸಿಲ್ಲ.

ಈ ಫಿಲ್ಟರಿನ ಹಿಂದಿನ ಕತೆ ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಹೆರಪತ್ ಎಂಬ ವೈದ್ಯರಿದ್ದರು. ಮಲೇರಿಯಾ ಔಷಧಿ ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅವರ ಶಿಷ್ಯ ಅಯೋಡಿನ್ ಹಾಕಿದಾಗ ಹೊಳೆಯುವ ಹಸಿರು ಹರಳುಗಳು ಮೂಡಿದವು. ಒಂದರ ಮೇಲೊಂದು ಅಡ್ಡಡ್ಡ ಬಿದ್ದ ಕಡೆ ಕಪ್ಪು! ಅಂದರೆ ಪ್ರತಿ ಹರಳೂ ಒಂದೇ ದಿಕ್ಕಿನ ಕಂಪನವನ್ನು ಬಿಡುತ್ತಿತ್ತು, ಅಡ್ಡ ಬಿದ್ದ ಇನ್ನೊಂದು ಅದನ್ನೂ ತಡೆಯುತ್ತಿತ್ತು. ಹೆರಪತ್ 1852ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಹರಳುಗಳು ಪುಟ್ಟವು, ಬೇಗ ಒಡೆಯುವಂಥವು. ದೊಡ್ಡದಾಗಿ ಬೆಳೆಸುವುದು ತುಂಬಾ ಕಷ್ಟ. ಹಾರ್ವರ್ಡ್ ಓದನ್ನು ನಡುವೆಯೇ ಬಿಟ್ಟ ಎಡ್ವಿನ್ ಲ್ಯಾಂಡ್ 1920ರ ದಶಕದ ಕೊನೆಯಲ್ಲಿ ಉಲ್ಟಾ ಯೋಚಿಸಿದರು. ದೊಡ್ಡ ಹರಳು ಯಾಕೆ ಬೇಕು? ಕಣ್ಣಿಗೇ ಕಾಣದಷ್ಟು ಸಣ್ಣ ಹರಳುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಕೂರಿಸಿದರೆ ಸಾಕಲ್ವಾ? ಅವರ ಪೋಲರಾಯ್ಡ್ ಕಂಪನಿ 1937ರಲ್ಲಿ ಶುರುವಾದದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿಂದ ವರ್ಮಾಂಟ್‌ನ ಮೇಪಲ್ ಕಾಡುಗಳಿಗೆ ಕೆಲವೇ ಗಂಟೆಗಳ ದಾರಿ.

ಫಿಲ್ಟರ್ ಯಾಕೆ, ಎಡಿಟಿಂಗ್‌ನಲ್ಲಿ ಸುಮ್ನೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ಆಗದೇ ಎಂದು ಕೇಳುತ್ತಾರೆ. ಆಗದು. ಹೊಳಪು ನುಂಗಿದ ಜಾಗದಲ್ಲಿ ಎಲೆಯ ಬಣ್ಣ ದಾಖಲೇ ಆಗಿರುವುದಿಲ್ಲ. ಏರಿಸಿದಷ್ಟೂ ಆಕಾಶದ ನೀಲಿಯೂ ಏರುತ್ತದೆ. ಚೆನ್ನಾಗಿದ್ದ ಎಲೆಗಳು ಮಾತ್ರ ಪೇಂಟ್ ಬಳಿದಂತಾಗುತ್ತವೆ.

ಬಿಸಿಲು ಇರಲೇಬೇಕು ಅನ್ನುವುದೂ ತಪ್ಪು. ಮಳೆ ನಿಂತ ಮೇಲೆ, ಮೋಡದ ಕೆಳಗೆ ನೆಂದ ಎಲೆಗಳ ಮೇಲೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಒಂದರಿಂದ ಎರಡು ಸ್ಟಾಪ್ ಬೆಳಕನ್ನು ತಿನ್ನುತ್ತದೆ, ಅಂದರೆ ಬೆಳಕು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಯುತ್ತದೆ. ಹಾಗಾಗಿ ಫೋಟೋ ತೆಗೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಳಿಗೆ ಎಲೆ ಅಲ್ಲಾಡುವಾಗ ಟ್ರೈಪಾಡ್ ಇದ್ದರೂ ಪ್ರಯೋಜನವಿಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗುತ್ತದೆ.

ವರ್ಮಾಂಟ್‌ಗೆ ಹೋಗದೆಯೂ ಇದನ್ನು ಪರೀಕ್ಷಿಸಬಹುದು. ಬೆಂಗಳೂರಿನ ರಸ್ತೆ ಬದಿಯ ಕಾಡುಬಾದಾಮಿ ಮರದ ಎಲೆಗಳು ಉದುರುವ ಮುನ್ನ ಕೆಂಪಾಗುತ್ತವೆ, ಮೈಯೂ ನುಣುಪು. ಪೋಲರೈಸ್ಡ್ ತಂಪು ಕನ್ನಡಕವನ್ನು ಫೋನಿನ ಲೆನ್ಸಿಗೆ ಅಡ್ಡ ಹಿಡಿದು ತಿರುಗಿಸಿ. ಬೂದು ಗಾಜಿನದಾದರೆ ಒಳ್ಳೆಯದು, ಕಂದು ಗಾಜು ತನ್ನ ಬಣ್ಣವನ್ನೂ ಸೇರಿಸಿಬಿಡುತ್ತದೆ.