ತೇಗದ ಹಡಗು, ಲಂಡನ್ನಿನ ಕಾಗದ

1800ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಲಂಡನ್ನಿಗೆ ಒಂದು ಪತ್ರ ಬರೆದ. ಕಲ್ಕತ್ತಾ ಬಂದರಿನಲ್ಲಿ ಭಾರತದಲ್ಲೇ ಕಟ್ಟಿದ ಸುಮಾರು 10,000 ಟನ್ನಿನಷ್ಟು ಹಡಗುಗಳಿವೆ, ಇಂಗ್ಲೆಂಡಿಗೆ ಸರಕು ಒಯ್ಯಲು ಅವು ತಕ್ಕವಾಗಿವೆ ಎಂದು ಅದರಲ್ಲಿ ತಿಳಿಸಿದ. ಮರ ಗಟ್ಟಿ, ಕೆಲಸ ಗಟ್ಟಿ, ಸರಕೂ ಇತ್ತು. ಆದರೆ ಆ ಹಡಗುಗಳು ಥೇಮ್ಸ್ ನದಿಗೆ ನಿರಾತಂಕವಾಗಿ ಹೋಗುವಂತಿರಲಿಲ್ಲ. ಅಡ್ಡ ಬಂದದ್ದು ನೋಂದಣಿಯ ಕಾನೂನು ಮತ್ತು ಅದರ ಜೊತೆಗೆ ಹೆಣೆದ ಷರತ್ತುಗಳು.

ಹಡಗಿಗೆ ಕಾಗದ ಬೇಕು ಎನ್ನುವುದು ನಮ್ಮ ಕರಾವಳಿಗೆ ಬ್ರಿಟಿಷರಿಗಿಂತ ಮೊದಲೇ ಬಂದ ಮಾತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಾರ್ತಾಜ್ ಎಂಬ ರಹದಾರಿ ಚೀಟಿ ತಂದರು. ಹಡಗಿನ ಹೆಸರು, ಕಪ್ತಾನ, ಗಾತ್ರ, ಹೋಗುವ ಊರು, ಇರುವ ಆಯುಧ ಎಲ್ಲವೂ ಅದರಲ್ಲಿ ಬರೆದಿರಬೇಕು. ಕರಿಮೆಣಸಿನಂಥ ಸರಕು ತುಂಬಲು ಅಪ್ಪಣೆಯಿಲ್ಲ. ಚೀಟಿ ಇಲ್ಲದ ಹಡಗು ಸಿಕ್ಕರೆ ಜಪ್ತಿ. ಚೀಟಿ ಇದ್ದರೂ ನಂಬುವಂತಿರಲಿಲ್ಲ. ಜಹಾಂಗೀರನ ತಾಯಿಗೆ ಸೇರಿದ ರಹೀಮಿ ಹಡಗಿನ ಬಳಿ ಕಾರ್ತಾಜ್ ಇತ್ತು, ಆದರೂ 1613ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದುಕೊಂಡರು.

ಬ್ರಿಟಿಷರ ದಾರಿ ಬೇರೆ. ಅವರ ಚಿಂತೆ ಸುಲಿಗೆಗಿಂತ ಜಾಸ್ತಿ ಪೈಪೋಟಿಯದು. 1660ರ ನೌಕಾಯಾನ ಕಾಯ್ದೆ ಹಡಗು ಇಂಗ್ಲಿಷರದ್ದಾಗಿರಬೇಕು, ಕಪ್ತಾನನೂ ನಾವಿಕರಲ್ಲಿ ಮುಕ್ಕಾಲು ಪಾಲೂ ಇಂಗ್ಲಿಷರಿರಬೇಕು ಎಂದಿತು. ಡಚ್ಚರನ್ನು ದೂರ ಇಡುವುದು ಉದ್ದೇಶ. 1696ರಲ್ಲಿ ವಸಾಹತುಗಳ ವ್ಯಾಪಾರದ ಹಡಗುಗಳಿಗೆ ನೋಂದಣಿ ಬಂತು. ನಿಜವಾಗಿ ಬಿಗಿಯಾದದ್ದು 1786ರಲ್ಲಿ. ಅಮೆರಿಕ ಆಗಷ್ಟೇ ಸ್ವತಂತ್ರವಾಗಿತ್ತು. ಅಲ್ಲಿನ ಹಡಗುಗಳು ಹಳೆಯ ಕಾಗದ ತೋರಿಸಿ ಬ್ರಿಟಿಷ್ ಹಡಗಿನ ಸೌಲಭ್ಯ ಪಡೆಯುತ್ತಿದ್ದವು. ಅದನ್ನು ನಿಲ್ಲಿಸಲು 15 ಟನ್ನಿಗಿಂತ ಮೇಲ್ಪಟ್ಟ, ಅಟ್ಟ (ಡೆಕ್) ಇರುವ ಪ್ರತಿ ಹಡಗೂ ನೋಂದಣಿಯಾಗಲೇಬೇಕು ಎಂದು ಕಾನೂನು ಮಾಡಿದರು.

ಆ ಕಾನೂನಿನ ವಿವರಗಳನ್ನು ಓದಿದರೆ ಬೆರಗಾಗುತ್ತದೆ. ಹಡಗಿನ ಹಿಂಭಾಗದಲ್ಲಿ ಕಪ್ಪು ಬಣ್ಣದ ಮೇಲೆ ಬಿಳಿ ಇಲ್ಲವೇ ಹಳದಿ ಅಕ್ಷರದಲ್ಲಿ ಹೆಸರು ಮತ್ತು ಬಂದರಿನ ಹೆಸರು ಬರೆಸಬೇಕು. ಅಕ್ಷರದ ಎತ್ತರ 4 ಇಂಚಿಗೆ ಕಡಿಮೆ ಇರಬಾರದು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ. ಪ್ರಮಾಣಪತ್ರದಲ್ಲಿ ಮಾಲೀಕರು ಯಾರು, ಎಲ್ಲಿ ಯಾವಾಗ ಕಟ್ಟಿದ್ದು, ಅಟ್ಟ ಎಷ್ಟು, ಕೂವೆಮರ ಎಷ್ಟು, ಉದ್ದಗಲ ಎಷ್ಟು, ಮೂತಿಯಲ್ಲಿ ಕೆತ್ತಿದ ಗೊಂಬೆ ಇದೆಯೋ ಇಲ್ಲವೋ ಎಂಬುದೂ ಇರುತ್ತಿತ್ತು. ಫೋಟೋ ಇಲ್ಲದ ಕಾಲ ಅಲ್ವಾ, ಹಡಗಿನ ಚಹರೆಯನ್ನು ಮಾತಿನಲ್ಲೇ ಹಿಡಿದಿಡಬೇಕಿತ್ತು. ಹೊರದೇಶದಲ್ಲಿ ಅಗತ್ಯಕ್ಕಿಂತ ಹೆಚ್ಚು ಖರ್ಚು ಮಾಡಿ ರಿಪೇರಿ ಮಾಡಿಸಿದರೂ ಹಡಗು ತನ್ನ ಬ್ರಿಟಿಷ್ ಸ್ಥಾನ ಕಳೆದುಕೊಳ್ಳುತ್ತಿತ್ತು. ಬಡಗಿಯ ಕೂಲಿಯೂ ಹೊರಗೆ ಹೋಗಬಾರದು, ಅಷ್ಟು ಕಟ್ಟುನಿಟ್ಟು.

ಇದೇ ಹೊತ್ತಿಗೆ ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಬಡಗಿಗಳು ತೇಗದ ಹಡಗು ಕಟ್ಟುತ್ತಿದ್ದರು. ಲೋವ್ಜಿ ನಸರ್‌ವಾನ್‌ಜಿ ವಾಡಿಯಾ 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದವರು. ಮರ ಬರುತ್ತಿದ್ದದ್ದು ಮಲಬಾರ್ ಮತ್ತು ಕೆನರಾ ಕಡೆಯ ಕಾಡುಗಳಿಂದ. ನಮ್ಮ ಘಟ್ಟದ ತೇಗ ಎಷ್ಟು ಬಾಳುತ್ತದೆ ಎನ್ನುವುದಕ್ಕೆ ಒಂದು ಸಾಕ್ಷಿ ಇನ್ನೂ ಇದೆ. ಮುಂಬಯಿಯಲ್ಲಿ 1817ರಲ್ಲಿ ನೀರಿಗಿಳಿದ ತೇಗದ ಯುದ್ಧನೌಕೆ ಟ್ರಿಂಕೋಮಲಿ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ರಾಜನ ನೌಕಾಪಡೆಗೆ ನಮ್ಮ ಹಡಗು ಬೇಕಿತ್ತು, ಅದಕ್ಕೆ ಅಡ್ಡಿಯಿರಲಿಲ್ಲ. ತಕರಾರು ಇದ್ದದ್ದು ವ್ಯಾಪಾರಿ ಹಡಗಿನ ವಿಷಯದಲ್ಲಿ.

ಫ್ರಾನ್ಸಿನ ಜೊತೆ ಯುದ್ಧ ನಡೆಯುವಾಗ ಬ್ರಿಟನ್ನಿಗೆ ಹಡಗುಗಳ ಕೊರತೆಯಾಯಿತು. ಆಗ, 1795ರಲ್ಲಿ, ಭಾರತದ ಹಡಗುಗಳಿಗೆ ತಾತ್ಕಾಲಿಕವಾಗಿ ಬಾಗಿಲು ತೆರೆದರು. ಯುದ್ಧ ಮುಗಿಯುವ ಹೊತ್ತಿಗೆ ಥೇಮ್ಸ್ ದಂಡೆಯ ಹಡಗು ಕಟ್ಟುವವರು ಗಲಾಟೆ ಎಬ್ಬಿಸಿದರು. 1815ರಲ್ಲಿ ಭಾರತದಲ್ಲಿ ಕಟ್ಟಿದ ಹಡಗುಗಳ ನೋಂದಣಿಗೆಂದೇ ಪಾರ್ಲಿಮೆಂಟ್ ಕಾಯ್ದೆ ತಂದಿತು. ಹಡಗನ್ನು ನೋಂದಾಯಿಸಲು ದಾರಿ ಬಿಟ್ಟರು. ಆದರೆ ಅದನ್ನು ನಡೆಸುವವರ ವಿಷಯಕ್ಕೆ ಬಂದಾಗ ಬಾಗಿಲು ಮುಚ್ಚಿದರು. ಲಸ್ಕರ್ ಎಂದು ಕರೆಯುತ್ತಿದ್ದ ನಮ್ಮ ಖಲಾಸಿಗಳು ಈಸ್ಟ್ ಇಂಡಿಯಾ ಕಂಪನಿ ಆಳುವ ನೆಲದಲ್ಲೇ ಹುಟ್ಟಿದ್ದರೂ ಅವರನ್ನು ಬ್ರಿಟಿಷ್ ನಾವಿಕರೆಂದು ಎಣಿಸುವಂತಿಲ್ಲ. 1823ರ ಲಸ್ಕರ್ ಕಾಯ್ದೆ ಇದನ್ನು ಖಚಿತ ಮಾತಿನಲ್ಲಿ ಹೇಳಿತು.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಪೂರ್ವದ ಸಮುದ್ರಗಳಲ್ಲಿ ಖಲಾಸಿಗಳನ್ನು ಇಟ್ಟುಕೊಂಡು ಓಡಾಡಬಹುದು. ಅದೇ ಹಡಗು ಬ್ರಿಟನ್ನಿಗೆ ಹೊರಟರೆ, ಆ ಮುಕ್ಕಾಲು ಪಾಲಿನ ನಿಯಮದಿಂದಾಗಿ, ದುಬಾರಿ ಸಂಬಳದ ಬ್ರಿಟಿಷ್ ನಾವಿಕರನ್ನು ಹುಡುಕಬೇಕು. ಅವರು ಇಲ್ಲಿನ ಬಂದರುಗಳಲ್ಲಿ ಬೇಕೆಂದಾಗ ಸಿಗುವವರಲ್ಲ. ತೆರಿಗೆ ಕೊಡುವಾಗ, ಶಿಕ್ಷೆ ಅನುಭವಿಸುವಾಗ ಇದೇ ಜನ ಕಂಪನಿಯ ಪ್ರಜೆಗಳು. ಹಗ್ಗ ಹಿಡಿದಾಗ ಮಾತ್ರ ಪರಕೀಯರು. ಈ ಅನ್ಯಾಯ 1849ರಲ್ಲಿ ನೌಕಾಯಾನ ಕಾಯ್ದೆಗಳು ರದ್ದಾಗುವ ತನಕ ಉಳಿಯಿತು. ಅಷ್ಟರಲ್ಲಿ ಉಗಿಯಂತ್ರ ಬಂದಿತ್ತು, ಕಬ್ಬಿಣದ ಹಡಗೂ ಬಂದಿತ್ತು. ಭಾರತದ ಹಡಗು ಕಟ್ಟುವ ಕಸುಬನ್ನು ನೋಂದಣಿಯೊಂದೇ ಮುಳುಗಿಸಿತು ಎಂದರೆ ತಪ್ಪಾಗುತ್ತದೆ. ಆದರೆ ಬೆಳೆಯಬೇಕಾದ ದಶಕಗಳಲ್ಲೇ ಅದರ ಕಾಲು ಕಟ್ಟಿತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಭಾರತದೊಳಗಿನ ಕಾನೂನುಗಳು ಇದರ ಜೊತೆಜೊತೆಗೇ ಬಂದವು. ಮುಂಬಯಿ ಪ್ರಾಂತ್ಯಕ್ಕೆ 1838ರಲ್ಲಿ ಕರಾವಳಿ ಹಡಗುಗಳ ಕಾಯ್ದೆ ಬಂತು. ದಂಡೆಗುಂಟ ವ್ಯಾಪಾರ ಮಾಡುವ ಹಾಯಿಹಡಗಿಗೂ ಮೀನುಗಾರರ ದೋಣಿಗೂ ನಂಬರು ಬರೆಸಬೇಕಾಯಿತು. ಬ್ರಿಟಿಷ್ ಹಡಗಿನ ಸೌಲಭ್ಯ ಪಡೆಯಲು ಇಲ್ಲಿನ ಬಂದರುಗಳಲ್ಲಿ ಹೇಗೆ ನೋಂದಾಯಿಸಬೇಕು ಎಂದು 1841ರ ಕಾಯ್ದೆ ಹೇಳಿತು. ಅದಕ್ಕೆ 1850ರಲ್ಲಿ ತಿದ್ದುಪಡಿ ಆಯಿತು. ನಮ್ಮ ಕರಾವಳಿಯೋ, 1862ರಲ್ಲಿ ಎರಡು ಪ್ರಾಂತ್ಯಗಳಿಗೆ ಹಂಚಿಹೋಯಿತು. ಕಾರವಾರ, ಕುಮಟಾ, ಹೊನ್ನಾವರ ಮುಂಬಯಿಗೆ ಸೇರಿದವು. ಮಂಗಳೂರು, ಮಲ್ಪೆ ಮದ್ರಾಸಿನಲ್ಲೇ ಉಳಿದವು.

1894ರ ವ್ಯಾಪಾರಿ ಹಡಗು ಕಾಯ್ದೆ ಇಡೀ ಸಾಮ್ರಾಜ್ಯಕ್ಕೆ ಮೂಲ ಪುಸ್ತಕದಂತಾಯಿತು. ಒಂದು ಹಡಗಿನ ಮಾಲೀಕತ್ವಕ್ಕೆ 64 ಪಾಲು. ಹಡಗಿಗೆ ಒಂದು ಅಧಿಕೃತ ಸಂಖ್ಯೆ, ಅದನ್ನೂ ಟನ್ನಿನ ಲೆಕ್ಕವನ್ನೂ ಒಳಗಿನ ಮುಖ್ಯ ತೊಲೆಯಲ್ಲಿ ಕೊರೆಯಬೇಕು. ಬಣ್ಣ ಬಳಿದು ಅಳಿಸುವಂತಿರಬಾರದು. ಇದರಿಂದ ಲಾಭವೂ ಇತ್ತು. ಪಾಲು ಮಾರಲು, ಹಡಗನ್ನು ಅಡವಿಟ್ಟು ಸಾಲ ತೆಗೆಯಲು ರಿಜಿಸ್ಟರು ಗಟ್ಟಿ ಆಧಾರ.

ಕಾಗದ ಈಗ ಭಾರತೀಯರಿಗೂ ಸಿಗುತ್ತಿತ್ತು. ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಭಾರತೀಯರೇ ಕಟ್ಟಿದ ಸಿಂಧಿಯಾ ಹಡಗು ಕಂಪನಿಯ ಲಾಯಲ್ಟಿ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ರಾಷ್ಟ್ರೀಯ ಕಡಲ ದಿನವಾಗಿ ಆಚರಿಸುತ್ತೇವೆ. ಬ್ರಿಟಿಷ್ ಕಂಪನಿಗಳ ಬಲದ ಮುಂದೆ ನಿಲ್ಲುವುದು ಸುಲಭವಿರಲಿಲ್ಲ. ಕರಾವಳಿ ವ್ಯಾಪಾರವನ್ನಾದರೂ ಭಾರತೀಯರ ಹಡಗುಗಳಿಗೆ ಮೀಸಲಿಡಿ ಎಂದು ಎಸ್.ಎನ್. ಹಾಜಿ 1928ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಮೇಲಾಗಿ 1935ರ ಭಾರತ ಸರ್ಕಾರ ಕಾಯ್ದೆಯ 115ನೇ ಕಲಮು ಆ ದಾರಿಯನ್ನೇ ಮುಚ್ಚಿತು. ಬ್ರಿಟನ್ನಿನಲ್ಲಿ ನೋಂದಣಿಯಾದ ಹಡಗಿಗೆ ಇಲ್ಲಿನ ಯಾವ ಶಾಸನವೂ ಭೇದ ಮಾಡುವಂತಿಲ್ಲ ಎಂದಿತು ಅದು. ನೂರಿಪ್ಪತ್ತು ವರ್ಷ ಹಿಂದೆ ನಮ್ಮ ಖಲಾಸಿಗಳಿಗೆ ಭೇದ ಮಾಡಿದವರೇ ಈಗ ಸಮಾನತೆಯ ಹೆಸರಿನಲ್ಲಿ ತಮ್ಮ ಹಡಗುಗಳಿಗೆ ರಕ್ಷಣೆ ಬರೆದುಕೊಂಡರು.

ಆ ರಕ್ಷಣೆ ಸ್ವಾತಂತ್ರ್ಯದೊಂದಿಗೆ ಹೋಯಿತು. 1958ರ ವ್ಯಾಪಾರಿ ಹಡಗು ಕಾಯ್ದೆ 1841 ಮತ್ತು 1850ರ ಕಾನೂನುಗಳನ್ನು ರದ್ದು ಮಾಡಿತು. 64 ಪಾಲಿನ ಜಾಗಕ್ಕೆ 10 ಪಾಲು ಬಂತು. ಭಾರತದ ಹಡಗು ಭಾರತೀಯರ ಕೈಯಲ್ಲಿರಬೇಕು ಎಂಬ ಷರತ್ತು ಬಂತು. ಹಾಯಿಹಡಗುಗಳಿಗೆ ಪ್ರತ್ಯೇಕ ಅಧ್ಯಾಯವಿತ್ತು. ಆದರೆ 1838ರ ಕಾಯ್ದೆಯನ್ನು ಅದು ಕೈಬಿಡಲಿಲ್ಲ. ಆ ಹಳೆಯ ಕಾಯ್ದೆಯನ್ನೂ ತೆಗೆಯಬೇಕು ಎಂದು ಕೇಂದ್ರ ಸರ್ಕಾರ ಕರಡು ಮಸೂದೆ ಹೊರಡಿಸಿದ್ದು 2020ರಲ್ಲಿ!

1958ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ವ್ಯಾಪಾರಿ ಹಡಗು ಕಾಯ್ದೆ ಬಂದಿದೆ. ಭಾರತದ ಧ್ವಜ ಹಾರಿಸುವ ಹಡಗುಗಳ ಸಂಖ್ಯೆ ಹೆಚ್ಚಲಿ ಎಂದು ಮಾಲೀಕತ್ವದ ಷರತ್ತನ್ನು ಅದು ಸಡಿಲಿಸಿದೆ. ಪೂರ್ತಿ ಭಾರತೀಯರದ್ದಲ್ಲದೆ ಭಾಗಶಃ ಭಾರತೀಯರದ್ದಾದ ಹಡಗಿಗೂ ಇಲ್ಲಿ ನೋಂದಣಿ ಸಿಗಬಹುದು. ಬಂಡವಾಳ ಬರಲಿ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಕರಾವಳಿ ವ್ಯಾಪಾರದಲ್ಲಿ ನಮ್ಮ ಪಾಲು ಎಷ್ಟಿರಬೇಕು ಎಂದು ಹಾಜಿಯವರು ಎತ್ತಿದ ಪ್ರಶ್ನೆಯನ್ನು, ಈ ಸಡಿಲಿಕೆಗೆ ನಿಯಮ ಬರೆಯುವವರು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.