ಕುಂಟು ಹೋಯ್ತು ಸಾರ್!

ಬೆಂಗಳೂರಿನ ಟ್ಯಾನರಿ ರೋಡ್ ಕಡೆ ಒಂದು ಲಾಯ. ಮದುವೆ ಮೆರವಣಿಗೆಗೆ ಹೋಗುವ ಬಿಳಿ ಕುದುರೆ, ಎಡ ಮುಂಗಾಲು ಕುಂಟು. ಮಾಲೀಕರು ಮಾತ್ರ ಬಲಗಾಲು ಅಂತ ಹಟ ಹಿಡಿದಿದ್ದರು. ಬಲಗಾಲು ಊರಿದಾಗೆಲ್ಲ ಕುದುರೆ ತಲೆ ತಗ್ಗಿಸುತ್ತಿತ್ತಲ್ಲ, ಅದಕ್ಕೆ. ಅಸಲಿಗೆ ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆ ಎತ್ತುತ್ತದೆ, ಒಳ್ಳೆ ಕಾಲಿನ ಮೇಲೆ ತಗ್ಗಿಸುತ್ತದೆ. ಇದರಲ್ಲಿ ಎಡವದವರು ಕಮ್ಮಿ, ನನಗೇನೂ ಬೇಜಾರಿಲ್ಲ. ಬೇಜಾರು ಮುಂದೆ ಆಗಿದ್ದಕ್ಕೆ.

ಎಲ್ಲಿ ನೋವು ಅಂತ ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗದ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾ ಬರುತ್ತೇವೆ. ಹಲ್ಲು ಕೀಳುವ ಮೊದಲು ದವಡೆಗೆ ಕೊಡುತ್ತಾರಲ್ಲ, ಅದೇ ಔಷಧಿ. ಮುಂಗಾಲಿನ ಕುಂಟಿಗೆ ಹೆಚ್ಚಿನ ಸಲ ಕಾರಣ ಗೊರಸಿನಲ್ಲೇ ಇರುತ್ತದೆ, ಅದಕ್ಕೇ ಕೆಳಗಿನಿಂದ ಶುರು. ಮೊದಲು ಹಿಮ್ಮಡಿ ಹತ್ತಿರ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಓಡಿಸಿದರೆ ಕುಂಟು ಹಾಗೇ ಇತ್ತು. ಆಮೇಲೆ ಗೊರಸಿನ ಮೇಲಿನ ಗೆಣ್ಣಿಗಿಂತ ತುಸು ಮೇಲೆ ಕೊಟ್ಟೆ. ಈ ಸಲ ಕುದುರೆ ಟಕಟಕ ಅಂತ ನೇರವಾಗಿ ಹೋಗಿ, ನೇರವಾಗಿ ಬಂತು. ಅಂದರೆ ನೋವು ಆ ಗೆಣ್ಣಿನ ಆಸುಪಾಸಿನಲ್ಲೇ ಇದೆ. ಎಕ್ಸ್‌ರೇ ಎಲ್ಲಿ ತೆಗೆಯಬೇಕು ಅಂತ ಗೊತ್ತಾಯಿತು, ನನಗೆ ಖುಷಿ.

ಮಾಲೀಕರಿಗೆ ನನಗಿಂತ ಜಾಸ್ತಿ ಖುಷಿ. "ಕುಂಟು ಹೋಯ್ತು ಸಾರ್! ನಿಮ್ ಕೈಗುಣ!" ಅಂದವರೇ ಫೋನ್ ತೆಗೆದು ಸಂಜೆಯ ಆರ್ಡರ್ ಒಪ್ಪಿಕೊಳ್ಳಲು ಹೊರಟರು. ನಾನು ಫೋನ್ ಕಿತ್ತುಕೊಳ್ಳುವುದೊಂದು ಬಾಕಿ.

ವಾಸಿ ಆಗಿರಲಿಲ್ಲ ಕಣ್ರೀ. ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಒಂದೆರಡು ಗಂಟೆಗೆ ಮರಗಟ್ಟು ಬಿಡುತ್ತದೆ, ಕುಂಟು ವಾಪಸ್ ಬರುತ್ತದೆ.

ಇಂಜೆಕ್ಷನ್ ವಿಷಯ ಹೀಗೆ ಬಿಡಿಸಿ ಹೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದೇ ಮಾತನ್ನು ನೋವಿನ ಪುಡಿಗೆ ಹೇಳಿದರೆ ಯಾರೂ ಕೇಳುವುದಿಲ್ಲ. ಫಿನೈಲ್‌ಬ್ಯೂಟಜೋನ್, ಲಾಯದ ಬಾಯಲ್ಲಿ 'ಬ್ಯೂಟ್'. ಒಳ್ಳೆ ಔಷಧಿ, ನಾನೂ ಬರೆದುಕೊಡುತ್ತೇನೆ. ಊತ ಇಳಿಸುತ್ತದೆ, ನೋವು ಇಳಿಸುತ್ತದೆ. ಅದನ್ನು ಕೊಟ್ಟು ಕುದುರೆಯನ್ನು ಲಾಯದಲ್ಲಿ ನಿಲ್ಲಿಸಿದರೆ ಚಿಕಿತ್ಸೆ. ಅದನ್ನೇ ಕೊಟ್ಟು ಮೆರವಣಿಗೆಗೆ ಹೊರಡಿಸಿದರೆ, ಕುದುರೆ ಯಾವ ಕಾಲನ್ನು ಹುಷಾರಾಗಿ ಊರುತ್ತಿತ್ತೋ ಅದನ್ನೇ ಈಗ ಧೈರ್ಯವಾಗಿ ಡಾಂಬರಿಗೆ ಅಪ್ಪಳಿಸುತ್ತದೆ. ಕುದುರೆಯ ಭಾರದಲ್ಲಿ ನೂರಕ್ಕೆ ಹೆಚ್ಚೂಕಮ್ಮಿ 60 ಪಾಲು ಮುಂಗಾಲುಗಳ ಮೇಲೆ. ಒಂದೊಂದು ಹೆಜ್ಜೆಗೂ ಗೆಣ್ಣು ಸ್ಪ್ರಿಂಗಿನ ಹಾಗೆ ಕೆಳಕ್ಕೆ ಜಗ್ಗಿ ಮೇಲೇಳುತ್ತದೆ. ಒಳಗೆ ಮೂಳೆಯ ಚೂರು ಎದ್ದಿದ್ದರೆ, ಆ ಜಗ್ಗಾಟದಲ್ಲಿ ಅದು ಮೃದ್ವಸ್ಥಿಯನ್ನು, ಅಂದರೆ ಗೆಣ್ಣಿನೊಳಗೆ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರವನ್ನು, ತರಿಯುತ್ತಲೇ ಇರುತ್ತದೆ. ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹೋದದ್ದು ಮೊದಲಿನ ಹಾಗೆ ಬೆಳೆಯುವುದಿಲ್ಲ. ಇನ್ನು ಪುಡಿಯನ್ನೇ ಊಟ ಮಾಡಿಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೂ ಪೆಟ್ಟು.

ರೇಸ್ ಕುದುರೆಗಾದರೆ ಓಟದ ದಿನ ಮೈಯಲ್ಲಿ ಈ ಔಷಧಿ ಸಿಗಬಾರದು, ಪರೀಕ್ಷೆ ಮಾಡುತ್ತಾರೆ. ಮದುವೆ ಕುದುರೆಯ ಮೂತ್ರ ಹಿಡಿಯುವವರು ಯಾರು?

ಎಷ್ಟು ದಿನ ರಜೆ ಬೇಕು ಅಂತ ನೋಡದೆ ಯಾವ ಕುದುರೆಯ ಬಗ್ಗೆಯೂ ಹೇಳಲಾರೆ. ಗೊರಸಿನೊಳಗೆ ಕೀವಾಗಿದ್ದರೆ ಕಾಲು ಮುರಿದ ಹಾಗೆ ಮೂರು ಕಾಲಲ್ಲಿ ನಿಂತದ್ದು, ಕೀವು ತೆಗೆದ ಒಂದೆರಡು ದಿನಕ್ಕೆ ನೆಟ್ಟಗೆ ನಡೆಯುವುದುಂಟು. ಮೊಣಕಾಲ ಕೆಳಗೆ ಹಿಂಬದಿಯ ದಪ್ಪ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿದ್ದರೆ ಒಂಬತ್ತು ತಿಂಗಳು, ಒಂದು ವರ್ಷವೂ ಬೇಕಾದೀತು. ಕುಂಟು ಮಾತ್ರ ಒಂದೆರಡು ತಿಂಗಳಲ್ಲೇ ಹೋಗಿಬಿಟ್ಟಿರುತ್ತದೆ, ಅಲ್ಲೇ ಎಡವಟ್ಟು. ಆಷಾಢ ಪೂರ್ತಿ ರಜೆ ಕೊಟ್ಟಿದ್ದೀನಿ ಸಾರ್ ಅನ್ನುತ್ತಾರೆ. ಆರ್ಡರ್ ಇಲ್ಲದ ತಿಂಗಳಲ್ಲಿ ಕೊಟ್ಟ ರಜೆಯೂ ದಾನದ ಲೆಕ್ಕ!

ಹಾಗಂತ ಇವರೇನೂ ಕಟುಕರಲ್ಲ. ಆ ಬಿಳಿ ಕುದುರೆಯ ಮಾಲೀಕರು ತಮ್ಮ ಚಹಾಕ್ಕೆ ತಂದ ಬೆಲ್ಲದಲ್ಲಿ ಅರ್ಧ ಅದಕ್ಕೇ ತಿನ್ನಿಸುತ್ತಾರೆ. ಒಂದು ಮದುವೆ ತಪ್ಪಿದರೆ ಹುಲ್ಲು, ಬೂಸಾಗೂ ತತ್ವಾರ. ಗೊತ್ತು ನನಗೆ. ಅದಕ್ಕೇ ಬೈಯುವುದು ಅರ್ಧಕ್ಕೇ ನಿಲ್ಲುತ್ತದೆ.

ಎಕ್ಸ್‌ರೇಯಲ್ಲಿ ಗೆಣ್ಣಿನ ಮುಂಭಾಗದಲ್ಲಿ ಅಕ್ಕಿಕಾಳಿನಷ್ಟು ಚೂರು ಕಂಡಿತು. ಕೆಲಸ ಪೂರ್ತಿ ಬಂದ್ ಅಂದೆ, ಒಪ್ಪಿದರು. ಎಂಟನೇ ದಿನ ಫೋನ್ ಬಂತು.

"ಸಾರ್, ಇವತ್ತು ಒಂಚೂರೂ ಕುಂಟ್ತಿಲ್ಲ. ಒಂದೇ ಒಂದು ಆರ್ಡರ್, ಹತ್ರದಲ್ಲೇ..."

"ಪುಡಿ ಯಾವಾಗ ಹಾಕಿದ್ರಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕುದುರೆ ಸೀನಿದ್ದು ಕೇಳಿಸಿತು.

"ಬೆಳಿಗ್ಗೆ ಸಾರ್."