ಎಡ ಹೊರಗೆ, ಬಲ ಒಳಗೆ

ನವೆಂಬರ್ ಮುಗಿಯುತ್ತಾ ಬಂದಂತೆ ನನ್ನ ಅಂಗಡಿಯ ಫೋನಿಗೆ ಬಿಡುವಿರುವುದಿಲ್ಲ. ಅಷ್ಟಮಿಗೂ ಮಾರ್ನೆಮಿಗೂ ಹೊರಗೆ ಹೋಗಿ ಬಂದ ವೇಷಗಳನ್ನು ಒಗೆದು ಒಣಗಿಸಿ ಕಪಾಟಿಗೆ ಸೇರಿಸುವಷ್ಟರಲ್ಲಿ ಶಾಲೆಗಳ ವಾರ್ಷಿಕೋತ್ಸವ, ಛದ್ಮವೇಷ ಸ್ಪರ್ಧೆಗಳು ಶುರುವಾಗುತ್ತವೆ. ಹಿಂದೆಲ್ಲ ಕೃಷ್ಣ, ಝಾನ್ಸಿ ರಾಣಿ, ಒನಕೆ ಓಬವ್ವ ಇದ್ದರೆ ಸಾಕಿತ್ತು. ಈಗ ‘ದೇಶ ವಿದೇಶಗಳ ಉಡುಪು’ ಎಂಬ ಹೊಸ ವಿಭಾಗ ಬಂದಿದೆ. ಜಪಾನಿನ ಕಿಮೋನೊ, ಕೊರಿಯಾದ ಹಾನ್‌ಬೊಕ್, ಸ್ಕಾಟ್ಲೆಂಡಿನ ಕಿಲ್ಟ್, ಘಾನಾದ ಕೆಂಟೆ, ಮೊಗಲರ ಕಾಲದ ಉದ್ದ ಅಂಗಿ ಜಾಮಾ, ಎಲ್ಲವೂ ಉಡುಪಿಯ ರಥಬೀದಿಯ ಹತ್ತಿರ ಬಾಡಿಗೆಗೆ ಸಿಗುತ್ತವೆ ಎಂದರೆ ನನ್ನ ತಂದೆಯವರು ನಂಬುತ್ತಿರಲಿಲ್ಲ. ಅವರು ಯಕ್ಷಗಾನದ ವೇಷಭೂಷಣ ಬಿಟ್ಟು ಬೇರೆ ಮುಟ್ಟಿದವರಲ್ಲ.

ಬಾಡಿಗೆ, ಅಡ್ವಾನ್ಸ್, ಹರಿದರೆ ಯಾರು ಹೊಣೆ ಎಂಬ ವಿಚಾರಗಳನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳಬೇಕಾಗಿರುವುದು ಒಂದೇ ಒಂದು ಸಂಗತಿ. ಅಂಗಡಿಯಲ್ಲಿ ಅದನ್ನು ಹೇಳಿ ಹೇಳಿ ಗಂಟಲು ಒಣಗಿದೆ.

ಕಿಮೋನೊದ ಎದೆಯ ಮೇಲೆ ಎರಡು ಅಂಚುಗಳು ಒಂದರ ಮೇಲೊಂದು ಬರುತ್ತವೆ. ಉಟ್ಟವರ ಬಲಗಡೆಯ ಅಂಚು ಮೊದಲು ಮೈಗೆ ತಾಗಬೇಕು. ಎಡಗಡೆಯ ಅಂಚು ಅದರ ಮೇಲೆ, ಹೊರಗೆ ಕಾಣುವಂತೆ ಬರಬೇಕು. ಎಡ ಹೊರಗೆ, ಬಲ ಒಳಗೆ. ಹೆಣ್ಣಿಗೂ ಇದೇ, ಗಂಡಿಗೂ ಇದೇ, ಎರಡು ವರ್ಷದ ಮಗುವಿಗೂ ಇದೇ. ತಿರುಗಿಸಿ ಉಡಿಸುವುದು ಹೆಣಕ್ಕೆ ಮಾತ್ರ.

ಕೊನೆಯ ಮಾತು ಕೇಳಿದ ತಕ್ಷಣ ತಾಯಂದಿರ ಮುಖ ಬಾಡುತ್ತದೆ. “ಹಾಗೆಲ್ಲ ಹೇಳಬೇಡಿ ಮಾರಾಯರೇ, ಮಗುವಿನ ಎದುರು” ಎನ್ನುತ್ತಾರೆ. ಹೇಳದಿದ್ದರೆ ಮರೆಯುತ್ತಾರೆ, ಅದಕ್ಕೇ ಹೇಳುತ್ತೇನೆ. ಹೇಳಿದ ಮೇಲೂ ಹತ್ತರಲ್ಲಿ ನಾಲ್ಕು ಮಕ್ಕಳು ವೇದಿಕೆಯ ಮೇಲೆ ಬಲ ಹೊರಗೆ ಮಾಡಿಕೊಂಡೇ ನಿಂತಿರುತ್ತಾರೆ. (ಲೆಕ್ಕ ಇಟ್ಟವನಲ್ಲ, ನನ್ನ ಅಂದಾಜು.)

ಏಕೆ ಹೀಗೆ ಎಂದು ಯೋಚಿಸಿದ್ದೇನೆ. ದಡ್ಡತನವಂತೂ ಅಲ್ಲ. ನಾವು ದಿನವೂ ನೋಡುವ ಗಂಡಸರ ಶರ್ಟಿನಲ್ಲಿ ಎಡಭಾಗ ಮೇಲಿರುತ್ತದೆ, ಹೆಂಗಸರ ಶರ್ಟಿನಲ್ಲಿ ಬಲಭಾಗ. ಹೆಣ್ಣುಮಗುವಿಗೆ ಕಿಮೋನೊ ಉಡಿಸುವ ತಾಯಿಯ ಕೈ ತಾನಾಗಿಯೇ ಹೆಂಗಸರ ಶರ್ಟಿನ ದಾರಿ ಹಿಡಿಯುತ್ತದೆ. ಗಂಡುಮಕ್ಕಳಿಗೆ ಉಡಿಸುವಾಗ ಈ ತಪ್ಪು ಕಡಿಮೆ ಎಂಬುದನ್ನು ನಾನು ಗಮನಿಸಿದ್ದೇನೆ. ಆದ್ದರಿಂದ ಈಗ ಸುಲಭದ ಮಾತು ಹೇಳುತ್ತೇನೆ: ನಿಮ್ಮ ಯಜಮಾನರ ಅಂಗಿ ಹೇಗಿದೆಯೋ ಹಾಗೆ.

ಎರಡನೆಯದು ಚಿತ್ರದ ಗೊಂದಲ. ಮೊಬೈಲಿನಲ್ಲಿ ಒಂದು ಚಿತ್ರ ಹುಡುಕಿ ಅದನ್ನು ನೋಡುತ್ತಾ ಉಡಿಸುತ್ತಾರೆ. ಚಿತ್ರದಲ್ಲಿರುವವಳು ನಮಗೆ ಎದುರಾಗಿ ನಿಂತಿರುತ್ತಾಳೆ. ಅವಳ ಎಡ ನಮ್ಮ ಬಲ. ಇದು ಎಲ್ಲರಿಗೂ ಗೊತ್ತು, ಆದರೆ ಪರದೆಯ ಹಿಂದೆ ಅವಸರದಲ್ಲಿ ಯಾರಿಗೂ ನೆನಪಿರುವುದಿಲ್ಲ.

ಮೂರನೆಯದು ಓದಿಕೊಂಡವರ ತಪ್ಪು. ಸರಿಯಾದ ಮಡಿಕೆಗೆ ಜಪಾನಿ ಭಾಷೆಯಲ್ಲಿ ‘ಮಿಗಿಮಾಎ’ ಎನ್ನುತ್ತಾರೆ. ಮಿಗಿ ಎಂದರೆ ಬಲ, ಮಾಎ ಎಂದರೆ ಮುಂದೆ. “ನೋಡಿ, ಬಲ ಮುಂದೆ ಎಂದೇ ಬರೆದಿದೆ” ಎಂದು ಒಬ್ಬ ಅಧ್ಯಾಪಕರು ನನ್ನೊಡನೆ ಅರ್ಧ ಗಂಟೆ ವಾದಿಸಿದರು. ಮಾಎ ಎಂಬುದಕ್ಕೆ ‘ಮೊದಲು’ ಎಂಬ ಅರ್ಥವೂ ಇದೆ. ಬಲಗಡೆಯದನ್ನು ಮೊದಲು ಸುತ್ತು ಎಂದು ಅದರ ತಾತ್ಪರ್ಯ. ಮೊದಲು ಸುತ್ತಿದ್ದು ಒಳಗೇ ಹೋಗಬೇಕಲ್ಲ! ಇದರ ವಿರುದ್ಧದ್ದು ‘ಹಿದಾರಿಮಾಎ’, ಶವಕ್ಕೆ ಉಡಿಸುವ ರೀತಿ. ವ್ಯಾಪಾರ ನೆಲಕಚ್ಚಿತು ಎನ್ನುವುದಕ್ಕೂ ಅಲ್ಲಿ ಹಿದಾರಿಮಾಎ ಆಯಿತು ಎನ್ನುವ ರೂಢಿ ಇದೆ. ಅಂಗಡಿ ಇಟ್ಟವನಿಗೆ ಇದು ಚೆನ್ನಾಗಿ ನೆನಪಿರುತ್ತದೆ.

ಕಳೆದ ಬಾರಿ ಒಬ್ಬ ಪುರೋಹಿತ ಭಟ್ಟರು ಮಗಳಿಗೆ ಕಿಮೋನೊ ಒಯ್ಯಲು ಬಂದಿದ್ದರು. ನಾನು ಎಂದಿನಂತೆ ಎಡ, ಬಲ, ಹೆಣ ಎಂದು ನನ್ನ ಹರಿಕಥೆ ಶುರುಮಾಡಿದೆ. ಅವರು ಕೈಯೆತ್ತಿ ತಡೆದು, “ಅಂದರೆ ಅಪಸವ್ಯ ಆಗಬಾರದು. ಅಷ್ಟೇ ಅಲ್ಲವೋ?” ಎಂದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ನಾನು ಶರ್ಟು, ಕನ್ನಡಿ, ಚಿತ್ರ ಎಂದು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಜನಿವಾರ ಎಡ ಹೆಗಲಿನಿಂದ ಬಲ ಪಕ್ಕೆಗೆ ಇಳಿದರೆ ಸವ್ಯ, ದೇವಕಾರ್ಯಕ್ಕೆ. ಬಲ ಹೆಗಲಿಗೆ ಬದಲಿಸಿಕೊಂಡರೆ ಅಪಸವ್ಯ, ಪಿತೃಕಾರ್ಯಕ್ಕೆ. ನೂಲು ಅದೇ, ಮೈ ಅದೇ. ಬದಿ ಬದಲಾದರೆ ಕೆಲಸವೇ ಬೇರೆ. ಶ್ರಾದ್ಧದ ದಿನ ನಡುಮನೆಯಲ್ಲಿ ಕುಳಿತು “ಸವ್ಯ ಮಾಡಿಕೊಳ್ಳಿ, ಅಪಸವ್ಯ ಮಾಡಿಕೊಳ್ಳಿ” ಎಂಬುದನ್ನು ಕೇಳಿದ ಯಾರಿಗೂ ಕಿಮೋನೊದ ಮಡಿಕೆ ಅರ್ಥವಾಗದೆ ಇರುವುದಿಲ್ಲ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಎರಡರ ಹುಟ್ಟು ಬೇರೆ, ನಂಟು ಕಟ್ಟಲು ನಾನು ಪಂಡಿತನಲ್ಲ. ಆದರೆ ಸಾವಿನ ಮನೆಯಲ್ಲಿ ಎಲ್ಲವನ್ನೂ ತಿರುಗಿಸುವ ಬುದ್ಧಿ ಎರಡೂ ಕಡೆ ಇದೆ. ನಾವು ಚಿತೆಗೆ ಅಪ್ರದಕ್ಷಿಣೆ ಬರುತ್ತೇವೆ. ಜಪಾನಿನಲ್ಲಿ ಹೆಣದ ಬಳಿ ಮಡಚುವ ಪರದೆಯನ್ನು ತಲೆಕೆಳಗಾಗಿ ಇಡುವ, ಶವ ತೊಳೆಯುವ ನೀರಿಗೆ ಬಿಸಿನೀರಿಗೆ ತಣ್ಣೀರು ಬೆರೆಸುವ ಬದಲು ತಣ್ಣೀರಿಗೆ ಬಿಸಿನೀರು ಹೊಯ್ಯುವ ಪದ್ಧತಿ ಇತ್ತು. ಬದುಕಿದವರ ಲೋಕಕ್ಕೆ ತಿರುವುಮುರುವಾದದ್ದು ಸತ್ತವರ ಲೋಕ. ಕಿಮೋನೊದ ಅಂಚು ಆ ಲೆಕ್ಕಕ್ಕೆ ಸೇರಿದ್ದು.

ಜಪಾನಿನಲ್ಲಿ ಇದು ಸುಮ್ಮನೆ ಅಜ್ಜಿಯರ ಮಾತೂ ಅಲ್ಲ, ಒಂದು ಕಾಲದ ಕಾನೂನು. ಸಾಮ್ರಾಜ್ಞಿ ಗೆನ್ಶೊ ಕಾಲದಲ್ಲಿ, 719ರಲ್ಲಿ, ಪ್ರಜೆಗಳೆಲ್ಲ ಬಲಗಡೆಯ ಅಂಚನ್ನು ಒಳಗೆ ಮಾಡಿ ಉಡಬೇಕೆಂದು ಆಜ್ಞೆ ಹೊರಟಿತು. ಚೀನಾದ ರೀತಿಯನ್ನು ಅನುಸರಿಸಿದ ಆಜ್ಞೆ ಅದು. ಚೀನಾದಲ್ಲಿ ಈ ವಿಚಾರ ಇನ್ನೂ ಹಳೆಯದು. ಕುವಾನ್ ಚುಂಗ್ ಎಂಬ ಮಂತ್ರಿ ಇಲ್ಲದಿದ್ದರೆ ನಾವೂ ಕೂದಲು ಕೆದರಿಕೊಂಡು ಅಂಗಿಯನ್ನು ತಿರುಗುಮುರುಗಾಗಿ ಮಡಚಿಕೊಂಡು ಇರುತ್ತಿದ್ದೆವು ಎಂದು ಕನ್ಫ್ಯೂಷಿಯಸ್ ಹೇಳಿದ್ದುಂಟು. ಅಂಚು ಅದಲು ಬದಲಾದವರು ಅವನ ಕಣ್ಣಿಗೆ ಗಡಿಯಾಚೆಯ ಅನಾಗರಿಕರು. ಕೊರಿಯಾದ ಹಾನ್‌ಬೊಕ್ಕಿನ ಮೇಲಂಗಿಯಲ್ಲಿಯೂ ಎಡವೇ ಮೇಲೆ.

ನಮ್ಮ ದೇಶದ್ದೇ ಬೇಕಾದರೆ ಜಾಮಾ ಇದೆ. ಮೊಗಲರ ಆಸ್ಥಾನದ ಚಿತ್ರಗಳಲ್ಲಿ ಮುಸ್ಲಿಮರ ಜಾಮಾದ ಲಾಡಿ ಬಲಗಂಕುಳಿನ ಕೆಳಗೆ, ಹಿಂದೂಗಳದ್ದು ಎಡಗಂಕುಳಿನ ಕೆಳಗೆ ಕಟ್ಟಿರುತ್ತದೆ. ಅಕ್ಬರನ ಕಾಲದಲ್ಲಿ ನೆಲೆಯಾದ ಈ ರೂಢಿಯ ಮೇಲಿಂದ ಹೆಸರು ಬರೆಯದ ಚಿತ್ರಗಳಲ್ಲಿರುವವರು ಯಾರಿರಬಹುದು ಎಂದು ಬಲ್ಲವರು ಊಹಿಸುತ್ತಾರೆ. ಎಲ್ಲ ಚಿತ್ರಗಳೂ ಈ ನಿಯಮಕ್ಕೆ ಬಗ್ಗುತ್ತವೆ ಎಂದು ಮಾತ್ರ ನಾನು ಮಾತು ಕೊಡಲಾರೆ. ಮಣಿಪಾಲದ ಕಡೆಯ ಹುಡುಗರು ಒಮ್ಮೆ ನಾಟಕಕ್ಕೆ ಅಕ್ಬರ್ ಮತ್ತು ಅವನ ರಜಪೂತ ಸೇನಾಪತಿ ಮಾನಸಿಂಹ ಇಬ್ಬರಿಗೂ ಜಾಮಾ ಕೇಳಿದಾಗ ನಾನು ಇದನ್ನು ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಆ ಲಾಡಿ ಕಟ್ಟುವುದನ್ನೇ ಒಂದು ದೃಶ್ಯ ಮಾಡಿಕೊಂಡರು. ಅಂದಿನಿಂದ ನನ್ನ ಜಾಮಾಗಳಿಗೆ ಎರಡೂ ಕಡೆ ಲಾಡಿ ಹೊಲಿಸಿದ್ದೇನೆ.

ಕಿಲ್ಟಿನ ವಿಚಾರ ಚಿಕ್ಕದು. ನೆರಿಗೆ ಹಿಂದೆ, ಚಪ್ಪಟೆ ಭಾಗ ಮುಂದೆ. ಗಂಡಸರದ್ದು ಬಲಬದಿಗೆ ಮುಗಿಯುತ್ತದೆ. ಕೆಳಗಿನ ಮೂಲೆಯ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರ ಸೇರಿಸಿ ಚುಚ್ಚಿದರೆ ಮಗು ಓಡಿದೊಡನೆ ಬಟ್ಟೆ ಹರಿಯುತ್ತದೆ, ನಿಮ್ಮ ಅಡ್ವಾನ್ಸೂ ಹೋಗುತ್ತದೆ. 1746ರ ಕಾನೂನಿನಿಂದ ನಿಷೇಧಗೊಂಡು 1782ರಲ್ಲಿ ಬಿಡುಗಡೆಯಾದ ಉಡುಪು ಅದು. ‘ಲಂಗ’ ಎಂದು ನಗಬೇಡಿ. ಕೆಂಟೆಯನ್ನು ಅಸಾಂಟೆ ಗಂಡಸರು ಎಡ ಹೆಗಲ ಮೇಲೆ ಹೊದ್ದು ಬಲ ಹೆಗಲನ್ನು ಬರಿದಾಗಿ ಬಿಡುತ್ತಾರೆ. ನಮ್ಮಲ್ಲಿ ಶಲ್ಯ ಹೊದೆಯಲು ಬರುವವರಿಗೆ ಅದನ್ನು ಕಲಿಸಬೇಕಾಗಿಲ್ಲ.

“ಉಡುಪಿಯಲ್ಲಿ ಇದೆಲ್ಲ ಯಾರಿಗೆ ಗೊತ್ತಾಗುತ್ತದೆ?” ಎಂಬ ಪ್ರಶ್ನೆ ಆಗಾಗ ಬರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ. ಯಾರೋ ಹೊರಗಿನವರು ಯಕ್ಷಗಾನದ ತಲೆಗಟ್ಟು ಕೇದಗೆ ಮುಂದಲೆಯನ್ನು ಹಿಂದುಮುಂದಾಗಿ ಕಟ್ಟಿಕೊಂಡು ಕುಣಿದರೆ ನೀವು ಸುಮ್ಮನಿರುತ್ತೀರಾ? ತೆಂಕುತಿಟ್ಟಿನ ವೇಷಕ್ಕೆ ಬಡಗುತಿಟ್ಟಿನ ಒಡವೆ ಹಾಕಿದರೆ ವೇಷ ಕಟ್ಟುವ ಚೌಕಿಯಲ್ಲೇ ಜಗಳವಾಗುವ ಊರು ನಮ್ಮದು.

ಆದರೆ ನಾನು ಹೀಗೆ ಗದರುವುದಕ್ಕೆ ಪೂರ್ತಿ ಅರ್ಹನಲ್ಲ. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ನೃತ್ಯಕ್ಕೆ ಹನ್ನೆರಡು ಕಿಮೋನೊ ಹೊಲಿಸಿದ್ದೆ. ಮೊದಲ ಸಲ. ಸ್ಯಾಟಿನ್ ಬಟ್ಟೆ, ಮೇಲೆ ಚೆರಿ ಹೂವಿನ ಅಚ್ಚು, ನಡುಪಟ್ಟಿಗೆ ರಟ್ಟು. ನಿಜವಾದ ಕಿಮೋನೊ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದೇ ಸುರುಳಿಯನ್ನು ನೇರ ಗೆರೆಯಲ್ಲಿ ಕತ್ತರಿಸಿ ಹೊಲಿಯುವಂಥದ್ದು. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮಕ್ಕಳಿಗೆ ಉಡಿಸಿದವನು ನಾನೇ. ಹನ್ನೆರಡಕ್ಕೆ ಹನ್ನೆರಡೂ ಬಲ ಹೊರಗೆ. ಸಭೆಯಲ್ಲಿ ಯಾರದೋ ಅತಿಥಿಯಾಗಿ ಬಂದ ಜಪಾನಿನ ಒಬ್ಬ ಹಿರಿಯ ಹೆಂಗಸು ಇದ್ದರು. ನೃತ್ಯ ಮುಗಿದಾಗ ಚೆನ್ನಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ವೇದಿಕೆಯ ಹಿಂದೆ ಬಂದರು. ಎಲ್ಲರಿಗಿಂತ ಚಿಕ್ಕ ಹುಡುಗಿಯ ಮುಂದೆ ಮೊಣಕಾಲೂರಿ ಕುಳಿತು, ನಡುಪಟ್ಟಿ ಸಡಿಲಿಸಿ, ಅಂಚುಗಳನ್ನು ಬದಲಿಸಿ, ಮತ್ತೆ ಕಟ್ಟಿ, ತಲೆ ಸವರಿ ಹೋದರು. ಒಂದು ಮಾತೂ ಆಡಲಿಲ್ಲ. ಏನಾಯಿತೆಂದು ನನಗೆ ಆಗ ತಿಳಿಯಲಿಲ್ಲ. ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಇದು ಪಾಲಿಸ್ಟರ್ ಸ್ಯಾಟಿನ್ ಎಂದು ಆ ತಾಯಿಗೆ ಗೊತ್ತಾಗಿರಲೇಬೇಕು, ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಗುವನ್ನು ಹಾಗೆ ನೋಡಲು ಮಾತ್ರ ಅವರಿಂದ ಆಗಲಿಲ್ಲ.

ಹಾಗಾಗಿ ಪರೀಕ್ಷೆ ಹೇಳಿಕೊಡುತ್ತೇನೆ. ಉಡಿಸಿದ ಮೇಲೆ ಎದುರು ನಿಂತು ನೋಡಿ, ಕತ್ತಿನ ಬಳಿ ಇಂಗ್ಲಿಷಿನ ಸಣ್ಣ ‘ವೈ’ ಅಕ್ಷರ ಕಾಣಬೇಕು. ಅಕ್ಷರ ಬೇಡವೆಂದರೆ ಮಗುವಿನ ಬಲಗೈಯನ್ನು ಎದೆಯ ಮಡಿಕೆಯೊಳಗೆ ಹಾಕಲು ಹೇಳಿ. ಹೆಬ್ಬೆರಳಿಗೂ ತಡೆಯಾಗದೆ ಸಲೀಸಾಗಿ ಒಳಗೆ ಹೋದರೆ ಸರಿ. ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ ತೀರ್ಮಾನಿಸಬೇಡಿ. ಸೆಲ್ಫಿ ತೆಗೆಯುವ ಕ್ಯಾಮೆರಾ ಕನ್ನಡಿಯಂತೆ ಎಡಬಲ ಬದಲಿಸಿ ತೋರಿಸುತ್ತದೆ, ಕೆಲವು ಫೋನುಗಳು ಹಾಗೆಯೇ ಉಳಿಸಿಯೂ ಬಿಡುತ್ತವೆ. ಮಲ್ಪೆಯ ಒಬ್ಬ ತಾಯಿ ಮಗಳೊಡನೆ ತೆಗೆದುಕೊಂಡ ಸೆಲ್ಫಿ ಕಳಿಸಿದಾಗ ನಾನು ಫೋನಿನಲ್ಲೇ ಹಾರಾಡಿದೆ. ಅವರು ತಾಳ್ಮೆಯಿಂದ, “ಅಣ್ಣ, ಹಿಂದಿನ ಬ್ಯಾನರ್ ಓದಿ” ಎಂದರು. ಬ್ಯಾನರಿನ ಅಕ್ಷರಗಳೆಲ್ಲ ತಿರುಗಿದ್ದವು. ಮಗು ಸರಿಯಾಗಿಯೇ ಉಟ್ಟಿತ್ತು.

ಈ ವರ್ಷ ಗೊಂದಲವೇ ಬೇಡವೆಂದು ಎಲ್ಲ ಕಿಮೋನೊಗಳ ಎಡ ಅಂಚಿನ ಒಳಗೆ ಒಂದು ಕೆಂಪು ನೂಲು ಹೊಲಿಸಿದೆ. ಕೆಂಪು ನೂಲಿನ ಕಡೆ ಹೊರಗೆ, ಅಷ್ಟು ನೆನಪಿಟ್ಟರೆ ಸಾಕು ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸಿದೆ. ಕಳೆದ ಸೋಮವಾರ ಒಂದು ಕಿಮೋನೊ ವಾಪಸು ಬಂತು. ಬಲ ಅಂಚಿಗೂ ಒಂದು ಕಪ್ಪು ನೂಲು ಕಟ್ಟಿದ್ದರು. ಕೇಳಿದರೆ, “ದೃಷ್ಟಿಗೆ ಕೆಂಪು ಒಂದೇ ಸಾಲದು ಎಂದು ಅತ್ತೆ ಹೇಳಿದರು” ಎಂದರು. ಕಪ್ಪನ್ನು ಬಿಚ್ಚದೆ ಬಿಟ್ಟಿದ್ದೇನೆ. ಕಪ್ಪು ಒಳಗೆ, ಕೆಂಪು ಹೊರಗೆ ಎಂದು ಹೇಳಲು ಇನ್ನೂ ಸುಲಭ.